ಬೆಳಗಾವಿಯ ಡ್ಯಾನ್ಸ್ ಕ್ಲಾಸ್: ಟೀಚರುಗಳು ಎಲ್ಲಿ ಕಲಿತವರು ಅಂತ ಹೇಗೆ ತಿಳಿಯುವುದು?

ಅನಗೋಳದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ. ಕುಣಿಯುವುದೆಂದರೆ ಪ್ರಾಣ. ಟಿಳಕವಾಡಿ ಕಡೆ ಒಂದು ಡ್ಯಾನ್ಸ್ ಸ್ಟುಡಿಯೋ ನೋಡಿಕೊಂಡು ಬಂದೆವು, ಹೆಸರು ಇಲ್ಲಿ ಬೇಡ. ನಾಲ್ಕು ಜನ ಕಲಿಸುತ್ತಾರೆ. ಒಳಗೆ ಹೋಗುತ್ತಿದ್ದಂತೆ ಗೋಡೆ ಮೇಲೆ ಎಲ್ಲರ ಫೋಟೋ, ಕೆಳಗೆ ಎರಡೆರಡು ಸಾಲು. ಭರತನಾಟ್ಯದ ಮೇಡಂ ಹೆಸರಿನ ಹಿಂದೆ 'ವಿದುಷಿ' ಅಂತಿದೆ. ಕಥಕ್ ಮೇಡಂಗೆ 'ವಿಶಾರದ ಪೂರ್ಣ'. ಹಿಪ್‌ಹಾಪ್ ಸರ್‌ಗೆ 'ಟಿವಿ ಶೋ ಖ್ಯಾತಿ'. ನಾಲ್ಕನೆಯವರು 'ಲೈಸೆನ್ಸ್ ಪಡೆದ ಜುಂಬಾ ಇನ್‌ಸ್ಟ್ರಕ್ಟರ್', ಶನಿವಾರ ಚಿಕ್ಕ ಮಕ್ಕಳ ಬ್ಯಾಚ್ ಕೂಡ ಅವರದೇ.

ನಮ್ಮ ಮನೆಯಲ್ಲಿ ಯಾರೂ ನೃತ್ಯ ಕಲಿತವರಲ್ಲ. ಇದರಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಬೇಕು? ಸೇರಿಸುವ ಮೊದಲು ಏನು ಕೇಳಬೇಕು? ಗೊತ್ತಿದ್ದವರು ಹೇಳಿ. ಒಂದು ಸಲ ಸೇರಿಸಿದರೆ ಮಗು ಆ ಟೀಚರನ್ನೇ ನೆಚ್ಚಿಕೊಂಡು ಬೆಳೆಯುತ್ತದೆ. ಅದಕ್ಕೇ ಇಷ್ಟು ವಿಚಾರ ಮಾಡುತ್ತಿದ್ದೇನೆ.

ಬಾಗಲಕೋಟೆಯ ಭರತನಾಟ್ಯ ಶಿಕ್ಷಕಿ

ಅಕ್ಕಾ, ಸೇರಿಸುವ ಮೊದಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಭರತನಾಟ್ಯದ್ದು ನಾನು ಹೇಳುತ್ತೇನೆ.

ಕರ್ನಾಟಕದಲ್ಲಿ ಸಂಗೀತ, ನೃತ್ಯ, ತಾಳವಾದ್ಯಕ್ಕೆ ಸರ್ಕಾರಿ ಪರೀಕ್ಷೆಗಳಿವೆ. ಜೂನಿಯರ್, ಸೀನಿಯರ್, ಆಮೇಲೆ ವಿದ್ವತ್ ಪೂರ್ವ, ಕೊನೆಗೆ ವಿದ್ವತ್ ಅಂತಿಮ. ಬಹಳ ವರ್ಷ ಇವನ್ನು ಎಸ್ಸೆಸ್ಸೆಲ್ಸಿ ನಡೆಸುವ ಪರೀಕ್ಷಾ ಮಂಡಳಿಯೇ ನಡೆಸುತ್ತಿತ್ತು. ಈಗ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಬಂದಿದೆ. ಕುಣಿದು ತೋರಿಸುವುದೂ ಇರುತ್ತದೆ, ಬರೆಯುವುದೂ ಇರುತ್ತದೆ. ವಿದ್ವತ್ ಅಂತಿಮ ಮುಗಿಸಿದವರು ಗಂಡಸರಾದರೆ ವಿದ್ವಾನ್, ಹೆಂಗಸರಾದರೆ ವಿದುಷಿ ಅಂತ ಹಾಕಿಕೊಳ್ಳುತ್ತಾರೆ. ಮೊದಲ ಅಡವಿನಿಂದ, ಅಂದರೆ ಮೂಲ ಹೆಜ್ಜೆಯಿಂದ, ಅಲ್ಲಿಯವರೆಗೆ ಬರಲು ಸಾಮಾನ್ಯವಾಗಿ ಹತ್ತು ವರ್ಷದ ಮೇಲೆಯೇ ಬೇಕು. ಹಾಗಾಗಿ ಅದು ನಿಜವಾದ ದುಡಿಮೆಯ ಗುರುತು.

ಆದರೆ ಪರೀಕ್ಷೆ ಪಾಸಾಗುವುದು ಬೇರೆ, ಎಂಟು ವರ್ಷದ ಮಗುವಿಗೆ ಕಲಿಸುವುದು ಬೇರೆ. ಹಾಗಾಗಿ ಸರ್ಟಿಫಿಕೇಟ್ ನೋಡಿದ ಮೇಲೆ ಎರಡು ಮಾತು ಕೇಳಿ. ನಿಮ್ಮ ಗುರು ಯಾರು? ಅವರ ಹತ್ತಿರ ಎಷ್ಟು ವರ್ಷ ಇದ್ದಿರಿ? ನಮ್ಮಲ್ಲಿ ಇದನ್ನು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸರಿಯಾಗಿ ಕಲಿತವರು ಗುರುವಿನ ಹೆಸರು ಹೇಳಿ, ಗುರುವಿನ ಗುರು ಯಾರು ಅಂತಲೂ ಹೇಳುತ್ತಾರೆ. ಶೈಲಿ ಯಾವುದು ಅಂತ ಹೇಳುತ್ತಾರೆ. ಮೈಸೂರು ಶೈಲಿಯವರಾದರೆ ಮಾತು ಜಟ್ಟಿ ತಾಯಮ್ಮ, ಕೆ. ವೆಂಕಟಲಕ್ಷ್ಮಮ್ಮ ಅವರ ತನಕ ಹೋಗುತ್ತದೆ. ವೆಂಕಟಲಕ್ಷ್ಮಮ್ಮನವರು ಹುಟ್ಟಿದ್ದು 1906ರಲ್ಲಿ, 1992ರಲ್ಲಿ ಪದ್ಮಭೂಷಣ ಬಂತು, ಅಭಿನಯದಲ್ಲಿ ಅವರದು ದೊಡ್ಡ ಹೆಸರು. ಪಂದನಲ್ಲೂರು ಅಂದರೆ ಮೀನಾಕ್ಷಿಸುಂದರಂ ಪಿಳ್ಳೈ ಅವರ ಪರಂಪರೆ. ಅವರಲ್ಲೇ ಕಲಿತ ರುಕ್ಮಿಣಿ ದೇವಿ ಅರುಂಡೇಲ್ 1936ರಲ್ಲಿ ಮದ್ರಾಸಿನಲ್ಲಿ ಕಲಾಕ್ಷೇತ್ರ ಕಟ್ಟಿದರು, ಅಲ್ಲಿಂದ ಇನ್ನೊಂದು ಶೈಲಿ ಬೆಳೆಯಿತು. ಯಾವ ಶೈಲಿ ಮೇಲು ಅಂತ ನೋಡಬೇಡಿ. ತನ್ನ ಕಲಿಕೆ ಎಲ್ಲಿಂದ ಬಂತು ಅಂತ ಟೀಚರಿಗೆ ಗೊತ್ತಿದೆಯಾ, ಅದನ್ನು ನೋಡಿ.

ಇನ್ನೊಂದು. ಒಂದು ದಿನ ಕ್ಲಾಸಿನಲ್ಲಿ ಕುಳಿತು ನೋಡಲು ಬಿಡಿ ಅಂತ ಕೇಳಿ. ಹೊಸ ಮಕ್ಕಳಿಗೆ ತಟ್ಟಡವನ್ನು, ಅಂದರೆ ಕಾಲು ತಟ್ಟುವ ಮೊದಲ ಹೆಜ್ಜೆಗಳನ್ನು, ಮೂರು ವೇಗದಲ್ಲಿ ಮಾಡಿಸುತ್ತಾ, ಮಣೆ ಮೇಲೆ ಕೋಲಿನಿಂದ ತಾಳ ಹಾಕುತ್ತಾ, ಒಬ್ಬೊಬ್ಬರ ಮಂಡಿ, ಪಾದ, ಬೆನ್ನು ತಿದ್ದುತ್ತಿದ್ದರೆ ಅದು ಪಾಠ. ಮೊದಲ ತಿಂಗಳೇ ಹಾಡು ಹಾಕಿ ಕುಣಿಸುತ್ತಿದ್ದರೆ ಅದು ಗ್ಯಾದರಿಂಗ್, ಅಂದರೆ ಶಾಲೆ ವಾರ್ಷಿಕೋತ್ಸವದ ತಯಾರಿ.

ಕ್ಯಾಂಪ್‌ನ ಕಥಕ್ ವಿದ್ಯಾರ್ಥಿನಿ

ಕಥಕ್ ಬಗ್ಗೆ ನಾನು ಹೇಳಬಹುದಾ? ಬೆಳಗಾವಿಯಲ್ಲಿ ಕಥಕ್ ಕಲಿಸುವವರಲ್ಲಿ ಜಾಸ್ತಿ ಜನ ಗಂಧರ್ವ ಮಹಾವಿದ್ಯಾಲಯದ ಪರೀಕ್ಷೆ ಕಟ್ಟಿದವರು. ಪೂರ್ತಿ ಹೆಸರು ಅಖಿಲ ಭಾರತೀಯ ಗಂಧರ್ವ ಮಹಾವಿದ್ಯಾಲಯ ಮಂಡಳ. ವಿಷ್ಣು ದಿಗಂಬರ ಪಲುಸ್ಕರ್ ಅವರು 1901ರಲ್ಲಿ ಲಾಹೋರಿನಲ್ಲಿ ಶುರು ಮಾಡಿದ ಶಾಲೆಯಿಂದ ಬೆಳೆದದ್ದು. ಪಲುಸ್ಕರ್ ಹುಟ್ಟಿದ್ದು ಕುರುಂದವಾಡದಲ್ಲಿ, ಕಲಿತದ್ದು ಮಿರಜ್‌ನಲ್ಲಿ. ಎರಡೂ ನಮಗೆ ಹತ್ತಿರದ ಊರುಗಳು. ಮಿರಜ್, ಕೊಲ್ಲಾಪುರ, ಪುಣೆ ಕಡೆಯ ಓಡಾಟ ನಮ್ಮಲ್ಲಿ ಮೊದಲಿನಿಂದ ಇದೆ. ಹಾಗಾಗಿ ಈ ಪರೀಕ್ಷೆ ಇಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ.

ಪ್ರಾರಂಭಿಕದಿಂದ ಶುರು. ಆಮೇಲೆ ಪ್ರವೇಶಿಕಾ ಪ್ರಥಮ, ಪ್ರವೇಶಿಕಾ ಪೂರ್ಣ, ಮಧ್ಯಮಾ ಪ್ರಥಮ, ಮಧ್ಯಮಾ ಪೂರ್ಣ, ವಿಶಾರದ ಪ್ರಥಮ, ವಿಶಾರದ ಪೂರ್ಣ. ಅದರ ಮೇಲೆ ಅಲಂಕಾರ. ಅಂದರೆ ನಿಮ್ಮ ಕಥಕ್ ಮೇಡಂ ಏಳು ಪರೀಕ್ಷೆಯ ದಾರಿ ಮುಗಿಸಿದವರು. ಭರತನಾಟ್ಯ, ಒಡಿಸ್ಸಿಗೂ ಇಲ್ಲಿ ಪರೀಕ್ಷೆ ಇದೆ.

ಕೇಳಬೇಕಾದದ್ದು ಘರಾಣೆ, ಅಂದರೆ ಗುರು ಪರಂಪರೆಯ ಶೈಲಿ. ಲಖನೌ, ಜೈಪುರ, ಬನಾರಸ್ ಅಂತ ಹೆಸರು ಬರುತ್ತವೆ. ಪುಣೆಯಲ್ಲಿ ಕಲಿತವರಾದರೆ ರೋಹಿಣಿ ಭಾಟೆ ಅವರ ಹೆಸರು ಬರುವುದೇ ಜಾಸ್ತಿ. ಅವರು 1947ರಲ್ಲಿ ಅಲ್ಲಿ ನೃತ್ಯಭಾರತಿ ಶುರು ಮಾಡಿದವರು. ಬೆಂಗಳೂರಲ್ಲಿ ಕಲಿತವರಾದರೆ ಮಾಯಾ ರಾವ್ ಅವರ ಹೆಸರು ಬರಬಹುದು. ಅವರು ಲಖನೌ ಘರಾಣೆಯ ಶಂಭು ಮಹಾರಾಜರ ಶಿಷ್ಯೆ.

ನಮ್ಮ ಮೇಡಂ ಮಾಡುವ ಒಂದು ಕೆಲಸ ಹೇಳುತ್ತೇನೆ, ಅದನ್ನು ನೋಡಿದರೆ ಟೀಚರ್ ಎಂಥವರು ಅಂತ ಗೊತ್ತಾಗುತ್ತದೆ. ಮಕ್ಕಳು ತತ್ಕಾರ, ಅಂದರೆ ತಾಳಕ್ಕೆ ಕಾಲು ಬಡಿಯುವುದನ್ನು, ಮಾಡುತ್ತಾ ಇರುತ್ತಾರೆ, ಮೊಬೈಲಿನಲ್ಲಿ ತಾಳ ಹಿಡಿಯಲು ಹಾಕುವ ಧಾಟಿ, ಲೆಹರಾ, ಓಡುತ್ತಿರುತ್ತದೆ. ಮೇಡಂ ಫಟ್ ಅಂತ ಅದನ್ನು ನಿಲ್ಲಿಸುತ್ತಾರೆ. ಕಾಲೂ ನಿಲ್ಲಬೇಕು. ಈಗ ಕೈಯಲ್ಲಿ ತಾಳ ಹಾಕಿ ಬಾಯಲ್ಲಿ ಹೇಳಬೇಕು: ಧಾ ಧಿನ್ ಧಿನ್ ಧಾ. ತೀನ್‌ತಾಲದ ಹದಿನಾರು ಮಾತ್ರೆ, ಅಂದರೆ ಹದಿನಾರು ಎಣಿಕೆ. ಒಂಬತ್ತನೇ ಮಾತ್ರೆಗೆ ಖಾಲಿ, ಅಲ್ಲಿ ಚಪ್ಪಾಳೆ ಬೀಳಬಾರದು, ಕೈ ಬಿಡಿಸಬೇಕು. ಯಾರಾದರೂ ಅಲ್ಲಿ ಚಪ್ಪಾಳೆ ಹೊಡೆದರೆ ಮೇಡಂ ಬೈಯುವುದಿಲ್ಲ, ಇಡೀ ಬ್ಯಾಚ್ ಮತ್ತೆ ಒಂದರಿಂದ. ಬಾಯಲ್ಲಿ ಸರಿ ಬಂದ ಮೇಲೆಯೇ ಕಾಲು ಎತ್ತಬೇಕು. ಇದಕ್ಕೆ ಪಢಂತ್ ಅನ್ನುತ್ತಾರೆ. ಟೀಚರ್ ತಾವೇ ಪಢಂತ್ ಹೇಳದೆ ಬರೀ ರೆಕಾರ್ಡಿಂಗ್ ಮೇಲೆ ಕಲಿಸುತ್ತಿದ್ದರೆ ಸ್ವಲ್ಪ ವಿಚಾರ ಮಾಡಿ.

ಸದಾಶಿವ ನಗರದ ಪಾಲಕಿ

ಪರೀಕ್ಷೆ ವಿಷಯದಲ್ಲಿ ಎಚ್ಚರ ಇರಲಿ ಅಕ್ಕಾ. ನಾವು ಮೊದಲು ಕಳಿಸುತ್ತಿದ್ದ ಒಂದು ಕ್ಲಾಸಿನಲ್ಲಿ ಸೇರಿದ ಕೆಲವೇ ತಿಂಗಳಿಗೆ ಪರೀಕ್ಷೆ ಕಟ್ಟಿಸಿದರು. ಮಗಳು ಪಾಸಾದಳು, ಸರ್ಟಿಫಿಕೇಟ್ ಬಂತು, ಫ್ರೇಮ್ ಕೂಡ ಹಾಕಿಸಿದೆವು. ಮುಂದಿನ ವರ್ಷ ಬೇರೆ ಟೀಚರ್ ಹತ್ತಿರ ಹೋದರೆ ಮತ್ತೆ ನಿಲ್ಲುವುದರಿಂದ ಶುರು ಮಾಡಬೇಕಾಯಿತು. ಪರೀಕ್ಷೆಯಲ್ಲಿ ಕೇಳುವಷ್ಟನ್ನೇ ಬಾಯಿಪಾಠ ಮಾಡಿಸಿದ್ದರು. ಮಗು ಆವಾಗ ಅತ್ತದ್ದು ನನಗೆ ಇನ್ನೂ ಸಂಕಟ.

ಶಹಾಪುರದ ಹಿಪ್‌ಹಾಪ್ ಮಾಸ್ತರ್

ಅಕ್ಕಾ, ಆ 'ಟಿವಿ ಶೋ ಖ್ಯಾತಿ' ಸಾಲಿನ ಬಗ್ಗೆ ನಾನೇ ಹೇಳಬೇಕು, ನಾನು ಅದೇ ಲೈನಿನವನು.

2009ರಲ್ಲಿ ಝೀ ಟಿವಿಯಲ್ಲಿ ಡಾನ್ಸ್ ಇಂಡಿಯಾ ಡಾನ್ಸ್ ಶುರುವಾದ ಮೇಲೆ ನಮ್ಮಂಥ ಊರಿನ ಎಷ್ಟೋ ಹುಡುಗರಿಗೆ ಇದೂ ಒಂದು ಬದುಕು ಅಂತ ಮೊದಲ ಸಲ ಅನಿಸಿತು. ನಾನೂ ಅವರಲ್ಲಿ ಒಬ್ಬ. ಟಿವಿ ಶೋ ಅಂದಾಗ ನೀವು ಕೇಳಬೇಕಾದದ್ದು ಇಷ್ಟೇ: ಎಲ್ಲಿಯವರೆಗೆ ಹೋದಿರಿ? ಆಡಿಷನ್ ಸಾಲಿನಲ್ಲಿ ನಿಂತದ್ದಾ, ಸ್ಟುಡಿಯೋ ರೌಂಡಾ, ಕೊನೆಯ ಹಂತವಾ? ಗ್ರೂಪ್ ಜತೆ ಹೋದದ್ದಾ, ಒಬ್ಬರೇನಾ? ಯಾವ ಸೀಸನ್? ನಿಜವಾಗಿ ಹೋದವನು ಖುಷಿಯಿಂದ ಹೇಳುತ್ತಾನೆ, ವಿಡಿಯೋ ತೋರಿಸುತ್ತಾನೆ.

ನಮ್ಮಲ್ಲಿ ವಿದ್ವತ್, ವಿಶಾರದ ಥರ ಪರೀಕ್ಷೆ ಇಲ್ಲ. ಹಿಪ್‌ಹಾಪ್ ಹುಟ್ಟಿದ್ದೇ ಬೀದಿಯಲ್ಲಿ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಪಾರ್ಟಿಗಳಲ್ಲಿ ಹುಡುಗರು ಕುಣಿಯುತ್ತಾ ಬೆಳೆಸಿದ್ದು. ಅದರಿಂದ ಬಂದ ಬ್ರೇಕಿಂಗ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೆ ಹೋಯಿತು. ನಾವು ಕಲಿಯುವುದು ಯೂಟ್ಯೂಬ್ ನೋಡಿ, ಆಮೇಲೆ ಒಂದು ಕ್ರೂ, ಅಂದರೆ ತಂಡ ಕಟ್ಟಿಕೊಂಡು, ಪುಣೆ ಮುಂಬೈಗೆ ವರ್ಕ್‌ಶಾಪ್‌ಗೆ ಹೋಗಿ, ಎದುರುಬದುರು ಕುಣಿಯುವ ಬ್ಯಾಟಲ್‌ನಲ್ಲಿ ಸೋತು ಗೆದ್ದು. ಗುರು ಒಬ್ಬರೇ ಇರುವುದಿಲ್ಲ. ಆದರೆ ಲಾಕಿಂಗ್ ಯಾವುದು, ಪಾಪಿಂಗ್ ಯಾವುದು, ಬ್ರೇಕಿಂಗ್ ಯಾವುದು ಅಂತ ಬಿಡಿಸಿ ಹೇಳಲು, ಮಾಡಿ ತೋರಿಸಲು ಬರಬೇಕು. ಸಿನಿಮಾ ಹಾಡಿಗೆ ಸ್ಟೆಪ್ ಹಾಕಿಸುವುದನ್ನೆಲ್ಲ ಹಿಪ್‌ಹಾಪ್ ಅಂತ ಕರೆಯುತ್ತಾರೆ, ಅದು ಸರಿಯಲ್ಲ. ಅದಕ್ಕೆ ಫ್ರೀಸ್ಟೈಲ್ ಅಥವಾ ಬಾಲಿವುಡ್ ಅಂತಲೇ ಬೋರ್ಡ್ ಹಾಕಲಿ, ಅದರಲ್ಲೇನೂ ಕಡಿಮೆ ಇಲ್ಲ.

ಕರಿಯರ್ ವಿಷಯಕ್ಕೆ ಬಂದರೆ, ನಮ್ಮ ವರ್ಷ ಹೇಗೆ ನಡೆಯುತ್ತದೆ ಅಂತ ಪಾಲಕರಿಗೆ ಗೊತ್ತಿರಲಿ. ಡಿಸೆಂಬರ್, ಜನವರಿ ಅಂದರೆ ಶಾಲೆಗಳ ಗ್ಯಾದರಿಂಗ್. ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು, ಸಂಜೆ ಕ್ಲಾಸ್. ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಆ ಎರಡು ತಿಂಗಳಲ್ಲೇ. ಆಮೇಲೆ ಮದುವೆ ಸೀಸನ್, ಸಂಗೀತ ಕಾರ್ಯಕ್ರಮಕ್ಕೆ ಮದುಮಕ್ಕಳಿಗೆ, ಅತ್ತೆ ಮಾವಂದಿರಿಗೆ ಕಲಿಸುವುದು. ಏಪ್ರಿಲ್, ಮೇ ಸಮ್ಮರ್ ಕ್ಯಾಂಪ್. ಶಾಲೆ ಶುರುವಾಗಿ ಮಳೆ ಹಿಡಿಯಿತು ಅಂದರೆ ಬ್ಯಾಚ್ ಅರ್ಧ ಖಾಲಿ. ಬೆಳಗಾವಿ ಮಳೆ ನಿಮಗೆ ಹೇಳಬೇಕಾ? ಗಣಪತಿ ಬಂದ ಮೇಲೆ ಮತ್ತೆ ಜೀವ. ನವರಾತ್ರಿಗೆ ದಾಂಡಿಯಾ. 2020ರಲ್ಲಿ ಲಾಕ್‌ಡೌನ್ ಬಂದಾಗ ಬಾಡಿಗೆ ಕಟ್ಟಲಾಗದೆ ಎಷ್ಟೋ ಜನ ಸ್ಟುಡಿಯೋ ಮುಚ್ಚಿ ಡೆಲಿವರಿ ಕೆಲಸಕ್ಕೆ ಹೋದರು. ಕೆಲವರು ವಾಪಸ್ ಬರಲೇ ಇಲ್ಲ. ಅವರಲ್ಲಿ ನನಗಿಂತ ಚೆನ್ನಾಗಿ ಕಲಿಸುವವರಿದ್ದರು.

ಹಾಗಾಗಿ ಒಬ್ಬ ಮಾಸ್ತರ್ ಇದೇ ಊರಿನಲ್ಲಿ ಹತ್ತು ವರ್ಷದಿಂದ ಬಿಡದೆ ಕಲಿಸುತ್ತಿದ್ದಾನೆ ಅಂದರೆ, ಟಿವಿ ಫೋಟೋಗಿಂತ ನಾನು ಅದನ್ನೇ ಮೇಲೆ ಇಡುತ್ತೇನೆ.

ಅನಗೋಳದ ಅಮ್ಮ

ಎಷ್ಟು ಚೆನ್ನಾಗಿ ಹೇಳಿದಿರಿ ಎಲ್ಲರೂ. ಮಾಸ್ತರ್, ನಿಮ್ಮ ಮಾತು ಓದಿದ ಮೇಲೆ ಆ ಹುಡುಗನ ಮೇಲಿದ್ದ ಅನುಮಾನ ಸ್ವಲ್ಪ ಕಡಿಮೆಯಾಯಿತು. ಕೇಳಿ ನೋಡುತ್ತೇನೆ. ಜುಂಬಾ ಬಗ್ಗೆ ಯಾರಿಗಾದರೂ ಗೊತ್ತಾ?

ಹನುಮಾನ ನಗರದ ಫಿಟ್ನೆಸ್ ಟ್ರೇನರ್

ಜುಂಬಾ ಶುರು ಮಾಡಿದ್ದು ಕೊಲಂಬಿಯಾದ ಬೆಟೊ ಪೆರೆಜ್, 1990ರ ದಶಕದಲ್ಲಿ. ಅದು ಕಂಪನಿಯ ಹೆಸರು, ಲೈಸೆನ್ಸ್ ಇಲ್ಲದೆ ಆ ಹೆಸರಿನಲ್ಲಿ ಕಲಿಸುವಂತಿಲ್ಲ. ಬೇಸಿಕ್ ಟ್ರೇನಿಂಗ್ ಮುಗಿಸಿದರೆ ಲೈಸೆನ್ಸ್ ಸಿಗುತ್ತದೆ, ಅದು ವರ್ಷಗಟ್ಟಲೆಯ ಕಲಿಕೆ ಅಲ್ಲ. ದೊಡ್ಡವರ ವ್ಯಾಯಾಮಕ್ಕೆ ಒಳ್ಳೆಯದು, ನಾನೂ ಮಾಡಿಸುತ್ತೇನೆ. ಮಕ್ಕಳಿಗೆ ಕಲಿಸಲು ಜುಂಬಾ ಕಿಡ್ಸ್ ಅಂತ ಬೇರೆಯೇ ತರಬೇತಿ ಇದೆ. ಶನಿವಾರದ ಬ್ಯಾಚ್ ತೆಗೆದುಕೊಳ್ಳುವವರಿಗೆ ಅದು ಇದೆಯಾ ಅಂತ ಕೇಳಿ. ಇಲ್ಲವಾದರೆ ಮಕ್ಕಳ ಜತೆ ಕೆಲಸ ಮಾಡಿದ ಬೇರೆ ಅನುಭವ ಇದೆಯಾ ಅಂತ ಕೇಳಿ.

ನೆಹರು ನಗರದ ಫಿಜಿಯೋಥೆರಪಿಸ್ಟ್

ನನ್ನ ಹತ್ತಿರ ಡ್ಯಾನ್ಸ್ ಮಾಡುವ ಮಕ್ಕಳು ಮಂಡಿನೋವು, ಮೊಣಕಾಲ ಕೆಳಗಿನ ನೋವು ಅಂತ ಬರುತ್ತಾರೆ. ಹಾಗಾಗಿ ಒಂದಿಷ್ಟು ಹೇಳುತ್ತೇನೆ.

ಟೀಚರ ಹಿನ್ನೆಲೆ ಕೇಳುವಾಗ ದೇಹದ ಬಗ್ಗೆ ಎಷ್ಟು ತಿಳಿದಿದ್ದಾರೆ ಅಂತಲೂ ನೋಡಿ. ಭರತನಾಟ್ಯದಲ್ಲಿ ಮಂಡಿ ಬಾಗಿಸಿ ನಿಲ್ಲುವ ಅರಮಂಡಿಯಲ್ಲಿ ಪಾದ ಹೊರಕ್ಕೆ ತಿರುಗಬೇಕು. ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ಮಗುವಿನ ಸೊಂಟ ಅಷ್ಟು ತೆರೆಯುವುದಿಲ್ಲ ಅಂದಾಗ ಟೀಚರ್ ಪಾದ ಮಾತ್ರ ಎಳೆದು ನಿಲ್ಲಿಸಿದರೆ ಎಲ್ಲ ಭಾರ ಮಂಡಿಗೆ ಬೀಳುತ್ತದೆ. ಮಂಡಿಚಿಪ್ಪು ಪಾದದ ಬೆರಳುಗಳ ದಿಕ್ಕಿಗೇ ನೋಡುತ್ತಿರಬೇಕು, ಅಷ್ಟು ಗಮನಿಸಿದರೆ ನಿಮಗೇ ಗೊತ್ತಾಗುತ್ತದೆ. ಹತ್ತರಿಂದ ಹದಿನೈದು ವರ್ಷದೊಳಗೆ ಮಕ್ಕಳು ಬೇಗ ಎತ್ತರ ಬೆಳೆಯುತ್ತಾರೆ. ಆಗ ಮಂಡಿಯ ಕೆಳಗೆ, ಮೂಳೆ ಉಬ್ಬಿದ ಜಾಗದಲ್ಲಿ ನೋವು ಬರುವುದು ಸಾಮಾನ್ಯ. ನೆಗೆತ, ಬಡಿತ ಜಾಸ್ತಿ ಇದ್ದಷ್ಟು ನೋವು ಜಾಸ್ತಿ. ಆವಾಗ 'ನೋವಿದ್ದರೂ ಮಾಡು' ಅನ್ನುವ ಟೀಚರ್ ಬೇಡ. 'ಇವತ್ತು ಕುಳಿತು ಹಸ್ತ, ಅಭಿನಯ ಮಾಡು' ಅನ್ನುವವರು ಬೇಕು.

ನೆಲ ನೋಡಿ. ಕಾಂಕ್ರೀಟ್ ಮೇಲೆ ಗ್ರಾನೈಟ್ ಅಥವಾ ಟೈಲ್ಸ್ ಹಾಕಿದ ನೆಲದಲ್ಲಿ ದಿನವೂ ಕಾಲು ಬಡಿದರೆ ಪೆಟ್ಟು ನೇರ ಮೂಳೆಗೆ. ಅಡಿಯಲ್ಲಿ ಸ್ವಲ್ಪ ಟೊಳ್ಳು ಬಿಟ್ಟು ಹಾಸಿದ ಮರದ ನೆಲ ಎಲ್ಲಕ್ಕಿಂತ ಒಳ್ಳೆಯದು. ಅದು ದುಬಾರಿ, ಎಲ್ಲರಿಗೂ ಆಗುವುದಿಲ್ಲ. ಹಾಗಿದ್ದರೆ ಬಡಿಯುವ ಅಭ್ಯಾಸವನ್ನು ಮಧ್ಯೆ ಮಧ್ಯೆ ವಿರಾಮ ಕೊಟ್ಟು ಮಾಡಿಸಲಿ. ಕಥಕ್‌ನಲ್ಲಿ ಚಿಕ್ಕ ಮಕ್ಕಳ ಕಾಲಿಗೆ ಮೊದಲೇ ನೂರು ಗೆಜ್ಜೆ ಕಟ್ಟಿಸಬಾರದು. ಕಡಿಮೆಯಿಂದ ಶುರು ಮಾಡಿ ನಿಧಾನ ಏರಿಸಲಿ.

ವಿಜಯಪುರದ ಅಪ್ಪ

ನೀವು ಬೆಳಗಾವಿಯವರು ಆಯ್ಕೆ ಮಾಡಿಕೊಳ್ಳಬಹುದು. ನಮ್ಮ ಕಡೆ ಕಥಕ್ ಕಲಿಸುವವರು ಬೇಕು ಅಂದರೆ ಸೊಲ್ಲಾಪುರದ ಕಡೆ ನೋಡಬೇಕು. ನಮ್ಮ ಮಗಳ ಟೀಚರ್ ವಾರಕ್ಕೊಮ್ಮೆ ಅಲ್ಲಿಂದಲೇ ಬರುತ್ತಾರೆ, ಬಸ್ಸಿನಲ್ಲಿ. ಬಂದ ದಿನ ನಾಲ್ಕು ಬ್ಯಾಚ್ ಮುಗಿಸಿಕೊಂಡು ರಾತ್ರಿ ವಾಪಸ್. ಈ ಊರಿನಲ್ಲೇ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಒಂಬತ್ತು ರಸಗಳ ಹೆಸರಿನಲ್ಲಿ ಕಿತಾಬ್-ಎ-ನವರಸ್ ಬರೆದ, ತೊರವಿ ಕಡೆ ನವರಸಪುರ ಅಂತ ಊರನ್ನೇ ಕಟ್ಟಿಸಲು ಹೊರಟ. ಅಂಥ ಊರಿನ ಮಕ್ಕಳಿಗೆ ಊರಲ್ಲೇ ಉಳಿದು ಕಲಿಸುವ ಟೀಚರ್ ಸಿಗಬೇಕು ಅನ್ನುವುದು ನನ್ನ ಆಸೆ. ಬರುವವರಿಗೆ ಬಸ್ ಖರ್ಚು, ಊಟ, ಗೌರವದ ಸಂಬಳ ಕೊಟ್ಟರೆ ಬಂದೇ ಬರುತ್ತಾರೆ. ನಾವು ಏಳೆಂಟು ಮನೆಯವರು ಸೇರಿ ಹಾಗೆ ಮಾಡಿದೆವು. ಒಬ್ಬರದೇ ಮನೆಯ ಮೇಲಿನ ಹಾಲ್, ಬಾಡಿಗೆ ಇಲ್ಲ.

ಗೋಕಾಕದ ನಿವೃತ್ತ ಮಾಸ್ತರ್

ಎಲ್ಲರೂ ಸರ್ಟಿಫಿಕೇಟ್ ಮಾತಾಡುತ್ತಿದ್ದೀರಿ, ಸಂತೋಷ. ಒಂದು ಮಾತು ಸೇರಿಸುತ್ತೇನೆ. ನಮ್ಮ ಈ ಭಾಗದ ದೊಡ್ಡ ನೃತ್ಯ ಪರಂಪರೆ ಕೃಷ್ಣ ಪಾರಿಜಾತ. ಕುಲಗೋಡ ತಮ್ಮಣ್ಣನವರು ತಿದ್ದಿ ಬೆಳೆಸಿದ ಆಟ. ಕೌಜಲಗಿ ನಿಂಗಮ್ಮನವರು ಅದನ್ನು ಊರೂರು ಆಡಿ ಮನೆಮಾತಾದರು. ಯಾವ ಪರೀಕ್ಷೆಯೂ ಇಲ್ಲದೆ ರಾತ್ರಿಯಿಡೀ ಹಾಡಿ, ಕುಣಿದು, ಮಾತಾಡಿ ಜನರನ್ನು ಹಿಡಿದಿಟ್ಟವರು ಅವರು. ಇವತ್ತಿಗೂ ಹಳ್ಳಿಗಳಲ್ಲಿ ಪಾರಿಜಾತ, ಸಣ್ಣಾಟ, ದೊಡ್ಡಾಟ ಕಲಿಸುವ ಮಾಸ್ತರರಿದ್ದಾರೆ. ಹಾರ್ಮೋನಿಯಂ ಮುಂದೆ ಕುಳಿತು, ಹಾಡು ಹೇಳಿಕೊಡುತ್ತಲೇ ಹೆಜ್ಜೆ ತಿದ್ದುತ್ತಾರೆ. ಯಾವ ಸ್ಟುಡಿಯೋದ ಗೋಡೆ ಮೇಲೂ ಅವರ ಫೋಟೋ ಇಲ್ಲ.

ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲೇ ಇದೆ. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ನಗರದ ಸ್ಟುಡಿಯೋದವರು ವರ್ಷಕ್ಕೊಂದು ಸಲ ಇಂಥ ಮಾಸ್ತರರನ್ನು ಕರೆಸಿ ಹತ್ತು ದಿನದ ಶಿಬಿರ ಮಾಡಲಿ. ಖರ್ಚು ಬಹಳ ಆಗುವುದಿಲ್ಲ. ಸಂಭಾವನೆ ಮಾತ್ರ ಸರಿಯಾಗಿ ಕೊಡಲಿ, ಶಾಲು ಹಾಕಿ ಕಳಿಸಿದರೆ ಅವರ ಹೊಟ್ಟೆ ತುಂಬುವುದಿಲ್ಲ.

ವಡಗಾವಿಯ ಪಾಲಕ

ಎಲ್ಲ ಸರಿ, ಆದರೆ ರಂಗಪ್ರವೇಶದ, ಅಂದರೆ ಶಿಷ್ಯೆ ಮೊದಲ ಸಲ ಒಬ್ಬಳೇ ಪೂರ್ತಿ ಕಾರ್ಯಕ್ರಮ ಕೊಡುವ, ಖರ್ಚಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಮ್ಮ ಸಂಬಂಧಿಕರ ಮನೆಯಲ್ಲಿ ಲಕ್ಷಗಟ್ಟಲೆ ಸುರಿದರು. ಹಾಲ್, ಡ್ರೆಸ್, ಒಡವೆ, ಬೆಂಗಳೂರಿಂದ ಮೃದಂಗ, ಕೊಳಲು, ಹಾಡುವವರು, ಅವರಿಗೆ ಲಾಡ್ಜ್, ಬಂದವರಿಗೆಲ್ಲ ಊಟ. ಟೀಚರುಗಳ ಗಳಿಕೆ ಇದರಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ತಪ್ಪಾದರೆ ತಿದ್ದಿ.

ಬಾಗಲಕೋಟೆಯ ಭರತನಾಟ್ಯ ಶಿಕ್ಷಕಿ

ಸರ್, ನೇರವಾಗಿ ಕೇಳಿದಿರಿ, ನೇರವಾಗಿ ಹೇಳುತ್ತೇನೆ.

ಡ್ರೆಸ್ ಅಂಗಡಿ, ಮೇಕಪ್, ಹಾಲ್ ಎಲ್ಲದರಲ್ಲೂ ಪಾಲು ಇಟ್ಟುಕೊಳ್ಳುವವರು ಇದ್ದಾರೆ. ಅದು ನನಗೂ ಸಿಟ್ಟು ಬರುವ ವಿಷಯ. ಆದರೆ ಎಲ್ಲರನ್ನೂ ಅದರಲ್ಲಿ ಸೇರಿಸಬೇಡಿ. ರಂಗಪ್ರವೇಶಕ್ಕೆ ಮೊದಲು ಒಂದು ಪೂರ್ತಿ ಮಾರ್ಗ, ಅಂದರೆ ಒಂದು ಕಛೇರಿಯ ಎಲ್ಲ ನೃತ್ಯಗಳ ಸರಣಿ, ಕಲಿಸಬೇಕು: ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನ. ವರ್ಣ ಒಂದೇ ಮುಕ್ಕಾಲು ಗಂಟೆ ಹಿಡಿಯಬಹುದು. ಅದನ್ನು ಒಂದು ಮಗುವಿನ ಮೈಗೆ ಇಳಿಸಲು ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಒಬ್ಬಳಿಗೇ ಪಾಠ ಮಾಡುತ್ತೇವೆ. ಆ ದಿನ ವೇದಿಕೆ ಪಕ್ಕ ಕುಳಿತು ನಟ್ಟುವಾಂಗ, ಅಂದರೆ ತಾಳ ಹಾಕಿ ಜತಿ ಹೇಳುವುದು, ಮಾಡುವವರೂ ನಾವೇ. ಉತ್ತರ ಕರ್ನಾಟಕದಲ್ಲಿ ಹಿಂದೂಸ್ತಾನಿ ಸಂಗೀತದವರು ಬೇಕಾದಷ್ಟು ಸಿಗುತ್ತಾರೆ. ಭರತನಾಟ್ಯಕ್ಕೆ ಕರ್ನಾಟಕ ಸಂಗೀತದ ತಂಡ ಬೇಕು. ಮೃದಂಗದವರು ನೃತ್ಯಕ್ಕೆ ನುಡಿಸಿ ಅಭ್ಯಾಸ ಇದ್ದವರೇ ಆಗಬೇಕು. ಅದಕ್ಕೇ ಬೆಂಗಳೂರಿಂದ ಕರೆಸುವುದು, ಖರ್ಚು ಏರುವುದೂ ಅಲ್ಲೇ.

ರಂಗಪ್ರವೇಶ ಮಾಡಲೇಬೇಕು ಅಂತ ಇಲ್ಲ. ವಿದ್ವತ್ ಪರೀಕ್ಷೆಗೆ ಅದು ಕಡ್ಡಾಯವೂ ಅಲ್ಲ. ನನ್ನ ಇಬ್ಬರು ಶಿಷ್ಯೆಯರು ಊರಿನ ದೇವಸ್ಥಾನದ ಅಂಗಳದಲ್ಲಿ, ರೆಕಾರ್ಡಿಂಗ್ ಮೇಲೆ, ಮನೆಯವರ ಮುಂದೆ ಪೂರ್ತಿ ಮಾರ್ಗ ಮಾಡಿದರು. ಅಷ್ಟೇ ಶ್ರದ್ಧೆ, ಅಷ್ಟೇ ಕಣ್ಣೀರು.

ಇನ್ನು ನಮ್ಮ ಗಳಿಕೆ. ನಾನು ಬೆಳಿಗ್ಗೆ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಡ್ಯಾನ್ಸ್ ಟೀಚರ್. ವರ್ಷ ವರ್ಷ ಕರಾರು, ರಜೆಯಲ್ಲಿ ಸಂಬಳ ಇಲ್ಲ. ಸಂಜೆ ಮನೆಯಲ್ಲಿ ಕ್ಲಾಸ್. ಚಾಲುಕ್ಯ ಉತ್ಸವ, ಕಿತ್ತೂರು ಉತ್ಸವದಲ್ಲಿ ಅವಕಾಶ ಸಿಕ್ಕರೆ ತಂಡದ ಜತೆ ಹೋಗುತ್ತೇವೆ. ಸರ್ಕಾರದ ದುಡ್ಡು ತಡವಾಗಿ ಬರುತ್ತದೆ, ಅಷ್ಟರಲ್ಲಿ ಡ್ರೆಸ್, ಗಾಡಿ ಬಾಡಿಗೆ ನಮ್ಮ ಕೈಯಿಂದ. ಕಲಿಯುವಾಗ ನಾನು ಪಿಯುಸಿಯಿಂದ ಡಿಗ್ರಿವರೆಗೆ ಪ್ರತಿ ಶನಿವಾರ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗುತ್ತಿದ್ದೆ. ಗುರುಗಳ ಮನೆಯಲ್ಲೇ ಮಲಗಿ ಭಾನುವಾರ ರಾತ್ರಿ ಬರುತ್ತಿದ್ದೆ. ಅವರು ಒಂದು ದಿನವೂ ಊಟದ ಲೆಕ್ಕ ಕೇಳಲಿಲ್ಲ.

ಈಗ ಫೀಸ್ ಕಡಿಮೆ ಮಾಡಿ ಅಂತ ಚೌಕಾಸಿ ಮಾಡುವ ಪಾಲಕರಿಗೆ ಒಂದೇ ಕೋರಿಕೆ. ಮಗು ಎರಡು ವಾರ ಬರಲಿಲ್ಲ ಅಂತ ಆ ತಿಂಗಳ ಫೀಸ್ ಹಿಡಿಯಬೇಡಿ. ಟ್ಯೂಷನ್‌ಗೆ ಹಾಗೆ ಮಾಡುತ್ತೀರಾ?

ವಡಗಾವಿಯ ಪಾಲಕ

ಅರ್ಥವಾಯಿತು ತಾಯಿ. ಒಬ್ಬಳಿಗೇ ಪಾಠ, ನಟ್ಟುವಾಂಗ, ಇದೆಲ್ಲ ನನಗೆ ಗೊತ್ತಿರಲಿಲ್ಲ. ಪಾಲು ಇಟ್ಟುಕೊಳ್ಳುವವರ ಬಗ್ಗೆ ನನ್ನ ತಕರಾರು ಹಾಗೇ ಇದೆ. ಖರ್ಚಿನ ಪಟ್ಟಿ ಮೊದಲೇ ಬರೆದುಕೊಡುವ ಟೀಚರ್ ಹತ್ತಿರ ಮಾತ್ರ ರಂಗಪ್ರವೇಶಕ್ಕೆ ಒಪ್ಪಿಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ.

ಬಾಗಲಕೋಟೆಯ ಭರತನಾಟ್ಯ ಶಿಕ್ಷಕಿ

ಖಂಡಿತ ಸರ್, ಅದು ನ್ಯಾಯ.

ಶಹಾಪುರದ ಹಿಪ್‌ಹಾಪ್ ಮಾಸ್ತರ್

ಮೇಡಂ, ಬಾದಾಮಿ ನಿಮಗೆ ಹತ್ತಿರ. ಮೊದಲನೇ ಗುಹೆಯ ನಟರಾಜನ ಮುಂದೆ ಮಕ್ಕಳನ್ನು ನಿಲ್ಲಿಸಿ ಪಾಠ ಮಾಡುತ್ತಾರೆ ಅಂತ ಕೇಳಿದ್ದೆ. ನೀವೂ ಮಾಡುತ್ತೀರಾ? ನಮ್ಮ ಹುಡುಗರನ್ನು ಕರೆದುಕೊಂಡು ಬರಬೇಕು ಅಂತಿದೆ.

ಬಾಗಲಕೋಟೆಯ ಭರತನಾಟ್ಯ ಶಿಕ್ಷಕಿ

ಅವಶ್ಯ ಬಾ ತಮ್ಮಾ. ಹೊಸ ಬ್ಯಾಚ್ ಒಂದು ವರ್ಷ ಮುಗಿಸಿದ ಮೇಲೆ ಕರೆದುಕೊಂಡು ಹೋಗುತ್ತೇನೆ. ಆರನೇ ಶತಮಾನದ ಶಿಲ್ಪ. ಹದಿನೆಂಟು ಕೈ. ಮಕ್ಕಳಿಗೆ ಹೇಳುವುದು: ಒಂದು ಬಲಗೈ, ಒಂದು ಎಡಗೈ ಆರಿಸಿಕೊಳ್ಳಿ, ಹಾಗೇ ನಿಲ್ಲಿ. ಪ್ರತಿಯೊಬ್ಬರದೂ ಬೇರೆ ಬೇರೆ ಭಂಗಿ ಆಗುತ್ತದೆ. ಆಮೇಲೆ ಕಾಲು ನೋಡಿ ಅನ್ನುತ್ತೇನೆ. ಮಂಡಿ ಬಾಗಿದೆ, ಒಂದು ಹಿಮ್ಮಡಿ ಎದ್ದಿದೆ, ಆದರೂ ನಡು ನೆಟ್ಟಗಿದೆ. ಕ್ಲಾಸಿನಲ್ಲಿ ನೂರು ಸಲ ಹೇಳಿದ್ದು ಅಲ್ಲಿ ಒಂದೇ ನೋಟಕ್ಕೆ ತಲೆಗೆ ಹೋಗುತ್ತದೆ. ಬೆಳಿಗ್ಗೆ ಬೇಗ ಬನ್ನಿ, ಹತ್ತು ಗಂಟೆ ಮೇಲೆ ಗದ್ದಲ ಜಾಸ್ತಿ. ಮಂಗಗಳಿವೆ, ಮಕ್ಕಳ ಕೈಯಲ್ಲಿ ತಿಂಡಿ ಇರಬಾರದು.

ಖಾನಾಪುರ ರಸ್ತೆಯ ವಕೀಲೆ

ಕೊಂಚ ಬೇರೆ ವಿಷಯ, ಆದರೆ ಬಿಡಬಾರದು. ಸ್ಟುಡಿಯೋದವರು ಟೀಚರುಗಳ ಪೊಲೀಸ್ ವೆರಿಫಿಕೇಶನ್ ಮಾಡಿಸಿದ್ದಾರಾ ಅಂತ ಕೇಳಿ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು, ಕಷ್ಟದ ಕೆಲಸ ಅಲ್ಲ. ಮಕ್ಕಳ ಮೇಲಿನ ದೌರ್ಜನ್ಯಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ, ಅದರಲ್ಲಿ ವಿಷಯ ಗೊತ್ತಿದ್ದೂ ಮುಚ್ಚಿಟ್ಟರೆ ಅದೂ ಅಪರಾಧ. ನೃತ್ಯದಲ್ಲಿ ಮೈ ಮುಟ್ಟಿ ತಿದ್ದಬೇಕಾಗುತ್ತದೆ. ಒಳ್ಳೆಯ ಟೀಚರ್ ಮುಟ್ಟುವ ಮೊದಲು ಮಗುವಿಗೆ ಹೇಳುತ್ತಾರೆ, ಕೋಲಿನ ತುದಿಯಿಂದ ಅಥವಾ ತಾವು ಮಾಡಿ ತೋರಿಸಿ ತಿದ್ದಲು ನೋಡುತ್ತಾರೆ. ಬಾಗಿಲು ಹಾಕಿಕೊಂಡು ಒಬ್ಬ ಮಗುವಿಗೆ ಪಾಠ ಅಂದರೆ ಒಪ್ಪಬೇಡಿ. ಪಾಲಕರು ಕುಳಿತು ನೋಡಲು ಯಾವತ್ತೂ ಜಾಗ ಇರಬೇಕು. ಹೆಸರು ಎಷ್ಟೇ ದೊಡ್ಡದಿರಲಿ, ಇದರಲ್ಲಿ ರಿಯಾಯಿತಿ ಬೇಡ.

ಅನಗೋಳದ ಅಮ್ಮ

ನೀವೆಲ್ಲ ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಸ್ಟುಡಿಯೋಗೆ ಹೋಗಿ ನಾಲ್ಕೂ ಜನರ ಹತ್ತಿರ ಕುಳಿತು ಮಾತಾಡಿದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಖುಷಿಯಿಂದ ಹೇಳಿದರು.

ಭರತನಾಟ್ಯದ ಮೇಡಂ ಅಥಣಿ ಕಡೆಯವರು. ಧಾರವಾಡದಲ್ಲಿ ಡಿಗ್ರಿ ಓದುತ್ತಾ ಕಲಿತವರು. ಆಮೇಲೆ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾ ಬೆಳಿಗ್ಗೆ ಆರಕ್ಕೆ ಗುರುಗಳ ಮನೆಗೆ ಹೋಗಿ ವಿದ್ವತ್ ಮುಗಿಸಿದರು. ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ ಕೆಲಸ ಬಿಟ್ಟು ಇದನ್ನೇ ಹಿಡಿದರು. ಈಗಲೂ ಗುರುಗಳ ಹತ್ತಿರ ಆನ್‌ಲೈನ್ ಪಾಠ ಹೇಳಿಸಿಕೊಳ್ಳುತ್ತಾರಂತೆ. ಕಲಿಸುವವರು ಇನ್ನೂ ಕಲಿಯುತ್ತಿದ್ದಾರೆ ಅನ್ನುವುದು ನನಗೆ ತುಂಬಾ ಹಿಡಿಸಿತು.

ಕಥಕ್ ಮೇಡಂ ಬೆಳಗಾವಿಯವರೇ, ಮರಾಠಿ ಮನೆಮಾತು, ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಪುಣೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಕಲಿತದ್ದು. ಕ್ಲಾಸಿನಲ್ಲಿ ಕುಳಿತು ನೋಡಿದೆ. ಪಢಂತ್ ಅವರೇ ಹೇಳುತ್ತಾರೆ, ತಿಂಗಳಿಗೊಮ್ಮೆ ತಬಲಾದವರನ್ನು ಕರೆಸುತ್ತಾರೆ.

ಹಿಪ್‌ಹಾಪ್ ಸರ್ ಆಡಿಷನ್‌ನ ಎರಡನೇ ಸುತ್ತಿನವರೆಗೆ ಹೋದದ್ದು ಅಂತ ತಾವೇ ಹೇಳಿದರು. ಬೋರ್ಡ್ ಸ್ಟುಡಿಯೋದವರು ಬರೆಸಿದ್ದಂತೆ, ಅವರಿಗೇ ಅದು ಇಷ್ಟ ಇಲ್ಲ. ಹಗಲು ತಂದೆಯ ಟೈಲರಿಂಗ್ ಅಂಗಡಿಯಲ್ಲಿ ಕೂರುತ್ತಾರೆ. ಗ್ಯಾದರಿಂಗ್ ಡ್ರೆಸ್‌ಗಳನ್ನೂ ತಾವೇ ಹೊಲಿಯುತ್ತಾರೆ. ಮಕ್ಕಳು ಅವರನ್ನು ಬಿಟ್ಟು ಹೋಗುವುದೇ ಇಲ್ಲ.

ಜುಂಬಾ ಮೇಡಂ ಮೊದಲು ಪಿಇ ಟೀಚರ್ ಆಗಿದ್ದವರು. ಕಿಡ್ಸ್ ಲೈಸೆನ್ಸ್ ಇಲ್ಲ, ಮಾಡಿಕೊಳ್ಳುವ ತಯಾರಿಯಲ್ಲಿದ್ದಾರೆ. ಮಕ್ಕಳ ಜತೆ ಕೆಲಸ ಮಾಡಿ ಬಹಳ ವರ್ಷದ ಅನುಭವ ಇದೆ.

ಪೊಲೀಸ್ ವೆರಿಫಿಕೇಶನ್ ಇಬ್ಬರದು ಆಗಿದೆ, ಇನ್ನಿಬ್ಬರದು ಬಾಕಿ. ಮಾಡಿಸುತ್ತೇವೆ ಅಂದರು. ನೆಲ ಟೈಲ್ಸ್, ಮೇಲೆ ದಪ್ಪ ಮ್ಯಾಟ್ ಹಾಕಿದ್ದಾರೆ. ಮಗಳು ಎರಡೂ ಕ್ಲಾಸ್ ನೋಡಿ ಕಥಕ್ ಅಂದಳು. ಬರುವ ಸೋಮವಾರದಿಂದ ಕಳಿಸುತ್ತೇನೆ. ಗೆಜ್ಜೆ ಈಗಲೇ ತರಬೇಕಾ?

ಕ್ಯಾಂಪ್‌ನ ಕಥಕ್ ವಿದ್ಯಾರ್ಥಿನಿ

ಇಲ್ಲ ಅಕ್ಕಾ, ಮೊದಲು ಬರಿಗಾಲಲ್ಲೇ ತತ್ಕಾರ ಬರಲಿ. ಮೇಡಂ ಯಾವಾಗ ಅಂತ ಹೇಳುತ್ತಾರೆ. ತರುವಾಗ ಹಿತ್ತಾಳೆಯದು ತನ್ನಿ, ಹತ್ತಿಯ ದಾರದಲ್ಲಿ ಒಂದೊಂದಕ್ಕೂ ಗಂಟು ಹಾಕಿ ಕಟ್ಟಿದ್ದು. ಪಟ್ಟಿಗೆ ಹೊಲಿದದ್ದು ಕಾಲಿಗೆ ಸರಿಯಾಗಿ ಕೂರುವುದಿಲ್ಲ. ಸದ್ಯಕ್ಕೆ ಒಂದು ಚೂಡಿದಾರ್, ಓಡಣಿ, ತಾಳ ಬರೆದುಕೊಳ್ಳಲು ಒಂದು ನೋಟ್‌ಬುಕ್ ಸಾಕು.